ಕಾರ್ಟ್ ಎಡಕ್ಕೆ ಎಳೆಯುತ್ತಿದೆ, ಮುಂದಿನ ಟೈರ್ ಹೊರಗಡೆ ಸವೆಯುತ್ತಿದೆ. ಟೋ ಎಷ್ಟು ಇಡಬೇಕು?

ಕಾರ್ಟ್_ಹುಡುಗ_ದಾವಣಗೆರೆ:
ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿದ್ದೇನೆ. ಆರು ಜನ ಸೇರಿ ಒಂದು ರೇಸಿಂಗ್ ಕಾರ್ಟ್ ಕಟ್ಟಿದ್ದೇವೆ. 150 ಸಿಸಿ ಬೈಕ್ ಇಂಜಿನ್, ಹಿಂದೆ ಡಿಫರೆನ್ಷಿಯಲ್ (ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್) ಇಲ್ಲದ ಒಂದೇ ಆಕ್ಸಲ್. ಮುಂದಿನ ತಿಂಗಳು ಕೊಯಮತ್ತೂರಿನ ರೇಸ್ ಟ್ರ್ಯಾಕ್ ಕರಿ ಮೋಟಾರ್ ಸ್ಪೀಡ್‌ವೇಗೆ ಹೋಗಬೇಕು.

ತೊಂದರೆ ಎರಡು. ನೇರ ಹೋಗುವಾಗ ಸ್ಟೀರಿಂಗ್ ಹಿಡಿತ ಸ್ವಲ್ಪ ಸಡಿಲ ಬಿಟ್ಟರೂ ಗಾಡಿ ಎಡಕ್ಕೆ ವಾಲುತ್ತದೆ. ಜೊತೆಗೆ ಮುಂದಿನ ಎರಡೂ ಟೈರುಗಳ ಹೊರ ಅಂಚು ಮೂರೇ ದಿನದ ಪ್ರಾಕ್ಟೀಸಿಗೆ ಸವೆದು ಹೋಗಿದೆ, ಒಳ ಅಂಚು ಹೊಸದರ ಹಾಗೇ ಇದೆ. ಕಾರಿಗೆ ಟೋ ಇನ್ (ಮುಂದಿನ ಚಕ್ರಗಳ ಮೂತಿ ಸ್ವಲ್ಪ ಒಳಗೆ ನೋಡುವ ಹಾಗೆ) ಇಡುತ್ತಾರಲ್ವಾ ಎಂದು ನಾವೂ 5 ಮಿ.ಮೀ. ಟೋ ಇನ್ ಇಟ್ಟಿದ್ದೇವೆ. ಅಲೈನ್‌ಮೆಂಟ್ ಅಂಗಡಿಗೆ ತೆಗೆದುಕೊಂಡು ಹೋದರೆ ಅವರ ಕ್ಲಾಂಪ್ ನಮ್ಮ 5 ಇಂಚಿನ ರಿಮ್ಮಿಗೆ ಕೂರಲೇ ಇಲ್ಲ. ಲೇಸರ್ ಸೆಟ್ ಕೊಳ್ಳುವಷ್ಟು ದುಡ್ಡಿಲ್ಲ. ಬರೀ ಟೇಪ್ ಇಟ್ಟುಕೊಂಡು ಸರಿ ಮಾಡಲು ಆಗುತ್ತಾ?

ದುರ್ಗದ_ಗ್ಯಾರೇಜ್:
ಆಗುತ್ತದೆ ತಮ್ಮಾ, ಆದರೆ ಮೊದಲು ಕಾರಿನ ಲೆಕ್ಕ ಬಿಡಿ. ಕಾರಿನಲ್ಲಿ ಸಸ್ಪೆನ್ಷನ್ ಇದೆ, ಬುಷ್‌ಗಳಿವೆ, ಓಡುವಾಗ ಚಕ್ರ ಸ್ವಲ್ಪ ಹಿಂದೆ ಮುಂದೆ ಆಗುತ್ತದೆ, ಅದಕ್ಕೇ ಟೋ ಇನ್ ಇಡುತ್ತಾರೆ. ಕಾರ್ಟಿಗೆ ಅದು ಯಾವುದೂ ಇಲ್ಲ, ಫ್ರೇಮೇ ಸ್ಪ್ರಿಂಗ್. ಹೊರ ಅಂಚು ಸವೆಯುತ್ತಿದೆ ಎಂದರೆ ನಿಮ್ಮ ಟೋ ಇನ್ ಟೈರನ್ನು ಉಜ್ಜುತ್ತಿದೆ ಎಂದೇ ಅರ್ಥ. ಕಾರ್ಟಿಗೆ ಎರಡೂ ಕಡೆ ಸೇರಿ ಒಂದೆರಡು ಮಿ.ಮೀ. ಟೋ ಔಟ್ ಇಡಿ. ತಿರುವಿನಲ್ಲಿ ಒಳಗಿನ ಚಕ್ರ ಚಿಕ್ಕ ಸುತ್ತು ಹೋಗಬೇಕು, ಅದಕ್ಕೆ ಮೂತಿ ಸ್ವಲ್ಪ ಹೊರಗೆ ನೋಡುತ್ತಿದ್ದರೆ ಗಾಡಿ ಬೇಗ ತಿರುಗುತ್ತದೆ.

ಅಳೆಯುವಾಗ ಡ್ರೈವರ್ ಹೆಲ್ಮೆಟ್ ಹಾಕಿಕೊಂಡು ಸೀಟಿನಲ್ಲಿ ಕೂತಿರಲೇಬೇಕು. ಅವನ ತೂಕಕ್ಕೆ ಫ್ರೇಮ್ ಬಗ್ಗುತ್ತದೆ, ಚಕ್ರದ ಮೇಲ್ಭಾಗ ಒಳಕ್ಕೆ ವಾಲುತ್ತದೆ, ಟೋ ಕೂಡ ಬದಲಾಗುತ್ತದೆ. ಖಾಲಿ ಗಾಡಿಯ ಅಳತೆ ಸುಮ್ನೆ ದಂಡ.

ಆದರೆ ಡ್ರೈವರ್ ಕೂತರೆ ಕಾಲು, ಪೆಡಲ್ ಅಡ್ಡ ಬಂದು ಟೇಪ್ ಹಿಡಿಯಲು ಆಗುವುದಿಲ್ಲ. ಅದಕ್ಕೆ ಗಾರೆಯವರ ತೂಕದ ಗುಂಡು ಒಂದು ತನ್ನಿ. ಮುಂದಿನ ಚಕ್ರ ಎತ್ತಿ ಟೈರಿಗೆ ಸೀಮೆಸುಣ್ಣ ಬಳಿಯಿರಿ, ಅಲುಗಾಡದ ಹಾಗೆ ಮೊಳೆ ಹಿಡಿದು ಚಕ್ರ ತಿರುಗಿಸಿದರೆ ಸುತ್ತಲೂ ಒಂದು ಸಣ್ಣ ಗೆರೆ ಬೀಳುತ್ತದೆ. ರಿಮ್ ಸ್ವಲ್ಪ ಸೊಟ್ಟ ಇದ್ದರೂ ಗೆರೆ ನೇರ ಬರುತ್ತದೆ, ಅದೇ ಇದರ ಲಾಭ. ನಂತರ ಸಮ ನೆಲದಲ್ಲಿ ಇಳಿಸಿ, ಎರಡೂ ಚಕ್ರದ ಕೆಳಗೆ ಎರಡೆರಡು ಪ್ಲಾಸ್ಟಿಕ್ ಕವರ್ ಹಾಕಿ, ಇಲ್ಲದಿದ್ದರೆ ಟೈರ್ ನೆಲಕ್ಕೆ ಕಚ್ಚಿಕೊಂಡು ಸುಳ್ಳು ಅಳತೆ ಕೊಡುತ್ತದೆ. ಸ್ಟೀರಿಂಗ್ ನೇರ ಮಾಡಿ ಹಗ್ಗದಿಂದ ಬಿಗಿದು ಕಟ್ಟಿ. ಗುಂಡಿನ ದಾರ ಆ ಗೆರೆಗೆ ತಾಗುವ ಹಾಗೆ ಟೈರಿನ ಮುಂದೆ ಒಮ್ಮೆ, ಹಿಂದೆ ಒಮ್ಮೆ ಇಳಿಬಿಟ್ಟು ನೆಲದಲ್ಲಿ ಗುರುತು ಹಾಕಿ. ಎರಡು ಚಕ್ರಕ್ಕೆ ನಾಲ್ಕು ಗುರುತು. ಗಾಡಿ ಸರಿಸಿ ಆರಾಮಾಗಿ ಅಳೆಯಿರಿ. ಮುಂದಿನ ಅಳತೆ ಜಾಸ್ತಿ ಇದ್ದರೆ ಟೋ ಔಟ್, ಕಡಿಮೆ ಇದ್ದರೆ ಟೋ ಇನ್.

ಕಿಂಗ್‌ಪಿನ್ನಿನಲ್ಲಿ (ಮುಂದಿನ ಚಕ್ರ ಎಡಬಲ ತಿರುಗುವ ಕೀಲು) ಕ್ಯಾಂಬರ್, ಅಂದರೆ ಚಕ್ರದ ಮೇಲ್ಭಾಗದ ವಾಲುವಿಕೆ, ಹೊಂದಿಸುವ ಬುಷ್ ಇದ್ದರೆ ಮೊದಲು ಅದನ್ನು ಮುಗಿಸಿ, ಟೋ ಕೊನೆಗೆ. ಕ್ಯಾಂಬರ್ ಮುಟ್ಟಿದರೆ ಟೋ ಮತ್ತೆ ಕೆಡುತ್ತದೆ.

ಪಿಬಿ_ರೋಡ್_ರೇಸರ್:
ಅಣ್ಣ ಹೇಳಿದ್ದೆಲ್ಲ ಸರಿ, ಆದರೆ ಎಡಕ್ಕೆ ಎಳೆಯುವುದು ಟೋ ಇಂದ ಇರಲಿಕ್ಕಿಲ್ಲ. ಟೋ ತಪ್ಪಿದ್ದರೆ ಟೈರ್ ಸವೆಯುತ್ತದೆ, ಗಾಡಿ ಸ್ವಲ್ಪ ಚಂಚಲ ಆಗುತ್ತದೆ, ಒಂದೇ ಕಡೆಗೆ ಎಳೆಯುವುದು ಕಡಿಮೆ. ಹಿಂದೆ ನೋಡಿ! ಒಂದೇ ಆಕ್ಸಲ್ ಅಂದರೆ ಎರಡು ಚಕ್ರವೂ ಒಟ್ಟಿಗೆ ಒಂದೇ ಸುತ್ತು ತಿರುಗಬೇಕು. ಎಡಗಡೆ ಟೈರಿನ ಸುತ್ತಳತೆ ಕಡಿಮೆ ಇದ್ದರೆ ಗಾಡಿ ಎಡಕ್ಕೇ ಹೋಗುತ್ತದೆ, ಲೋಟ ಉರುಳಿಸಿದರೆ ಸಣ್ಣ ತಳದ ಕಡೆಗೆ ಸುತ್ತುತ್ತದಲ್ಲ, ಹಾಗೆ. ಎರಡಕ್ಕೂ ಒಂದೇ ಗಾಳಿ ತುಂಬಿ, ಟೇಲರ್ ಟೇಪ್ ಸುತ್ತಿ ಅಳೆಯಿರಿ. ಗಾಳಿ ನೆರಳಿನಲ್ಲಿ ತುಂಬಿ, ನಮ್ಮ ಕಡೆಯ ಬಿಸಿಲಿಗೆ ಒಂದು ಪಕ್ಕದ ಟೈರ್ ಕಾದರೆ ಅದರ ಒತ್ತಡವೇ ಬೇರೆ ತೋರಿಸುತ್ತದೆ.

ಇನ್ನೊಂದು, ಎರಡೂ ಪಕ್ಕದಲ್ಲಿ ಕಿಂಗ್‌ಪಿನ್ನಿನಿಂದ ಹಿಂದಿನ ಆಕ್ಸಲ್ ಮಧ್ಯದವರೆಗೆ ಅಳತೆ ತೆಗೆದುಕೊಳ್ಳಿ. ಎಡ ಬಲ ಸಮ ಇಲ್ಲದಿದ್ದರೆ ಮುಂದೆ ಎಷ್ಟು ತಿರುಗಿಸಿದರೂ ಪ್ರಯೋಜನ ಇಲ್ಲ.

ಸೊನ್ನೆ_ಟೋ:
ನನ್ನ ಅಭಿಪ್ರಾಯದಲ್ಲಿ ಮೊದಲ ದಿನ ಸೊನ್ನೆ ಟೋ ಇಟ್ಟು ಓಡಿಸಿ. ಆಮೇಲೆ ಒಂದೊಂದೇ ಮಿ.ಮೀ. ಹೊರಗೆ ಕೊಡಿ. ಟೋ ಔಟ್ ಜಾಸ್ತಿ ಆದರೆ ನೇರ ದಾರಿಯಲ್ಲಿ ವೇಗ ತಿನ್ನುತ್ತದೆ, ಒಳ ಅಂಚು ಸವೆಯುತ್ತದೆ. ಮಳೆ ಬಂದರೆ ಮಾತ್ರ ಧೈರ್ಯವಾಗಿ ಜಾಸ್ತಿ ಕೊಡಿ, ಒದ್ದೆಯಲ್ಲಿ ಮುಂದಿನ ಚಕ್ರಕ್ಕೆ ಹಿಡಿತ ಬೇಕು.

ದುರ್ಗದ_ಗ್ಯಾರೇಜ್:
ಅದೂ ಒಳ್ಳೆಯ ದಾರಿ. ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ತಿರುಗಿಸುವಾಗ ಎರಡೂ ಕಡೆ ಸಮ ತಿರುಗಿಸಿ, ಒಂದೇ ಕಡೆ ತಿರುಗಿಸಿದರೆ ಸ್ಟೀರಿಂಗ್ ಸೊಟ್ಟ ಆಗುತ್ತದೆ. ರಾಡಿನ ಒಂದು ತುದಿ ಎಡ ಮರೆ (ಥ್ರೆಡ್), ಇನ್ನೊಂದು ಬಲ ಮರೆ ಇರುತ್ತದೆ, ಲಾಕ್ ನಟ್ ಬಿಚ್ಚುವಾಗ ಗಮನ ಇರಲಿ. ರಾಡ್ ಕಿಂಗ್‌ಪಿನ್ನಿನ ಹಿಂದೆ ಇದ್ದರೆ ಗಿಡ್ಡ ಮಾಡಿದಷ್ಟೂ ಟೋ ಔಟ್.

ಕಾರ್ಟ್_ಹುಡುಗ_ದಾವಣಗೆರೆ:
ತುಂಬಾ ಥ್ಯಾಂಕ್ಸ್ ಅಣ್ಣಂದಿರಾ. ನಿನ್ನೆ ಇಡೀ ದಿನ ಇದೇ ಕೆಲಸ ಮಾಡಿದೆವು. ಖಾಲಿ ಗಾಡಿಯಲ್ಲಿ 5 ಇದ್ದ ಟೋ ಇನ್ ಗೆಳೆಯ ಕೂತಾಗ 7 ತೋರಿಸಿತು! ಹಿಂದಿನ ಎಡ ಟೈರಿನ ಸುತ್ತಳತೆ 861 ಮಿ.ಮೀ., ಬಲದ್ದು 876. ಎಡಗಡೆ ಹಾಕಿದ್ದು ಹೋದ ವರ್ಷದ ಟೈರ್, ಅದನ್ನು ಯಾರೂ ಯೋಚಿಸಿರಲಿಲ್ಲ. ಒಂದೇ ಜೊತೆ ಟೈರ್ ಹಾಕಿದ ಮೇಲೆ ಎಳೆತ ನಿಂತಿದೆ. ಟೋ ಸೊನ್ನೆಯಿಂದ ಶುರು ಮಾಡಿ ಈಗ 2 ಔಟ್‌ನಲ್ಲಿದ್ದೇವೆ, ಸ್ಟೀರಿಂಗ್ ಎಷ್ಟು ಹಗುರ ಆಗಿದೆ ಎಂದರೆ ಗೆಳೆಯ ಗಾಡಿಯಿಂದ ಇಳಿಯಲು ಒಪ್ಪಲಿಲ್ಲ. ಲಾಕ್ ನಟ್‌ಗಳ ಮೇಲೆ ಬಿಳಿ ಪೇಂಟಿನ ಗೆರೆ ಎಳೆದಿದ್ದೇವೆ, ಸಡಿಲ ಆದರೆ ತಕ್ಷಣ ಗೊತ್ತಾಗಲಿ ಎಂದು. ಭಾನುವಾರ 40 ಸುತ್ತು ಓಡಿಸಿ ಟೈರಿನ ಫೋಟೋ ಇಲ್ಲೇ ಹಾಕುತ್ತೇನೆ.