ಅಲಿನೇಷನ್‌ಗೆ ಮುಂಚೆ ನೀರಿನ ಲೆಕ್ಕ: ಮಾಡಿಸಿದವರು ಹೇಳಿ

ಕೇಳಿದವರು, ಮಾಲೂರು ತಾಲ್ಲೂಕು: ನಮ್ಮ ತಂದೆಯವರ 2 ಎಕರೆ ರಾಗಿ ಹೊಲ ಇದೆ. ಅಲಿನೇಷನ್ (ಬೇಸಾಯದ ಭೂಮಿಯನ್ನು ಬೇರೆ ಬಳಕೆಗೆ ಬದಲಿಸುವುದು) ಮಾಡಿಸಿ 30x40 ಅಡಿ ಸೈಟುಗಳ ಚಿಕ್ಕ ಬಡಾವಣೆ ಮಾಡೋಣ ಅಂತ ಅಣ್ಣತಮ್ಮಂದಿರು ಮಾತಾಡಿಕೊಂಡಿದ್ದೇವೆ. ಹೊಲದಲ್ಲಿ ಹಳೇ ಬೋರ್ ಒಂದಿದೆ, 2 ಇಂಚು ನೀರು. ಅಷ್ಟು ಸಾಕಾಗುತ್ತಾ? ನೀರಿಗೆ ಅಂತ ಎಷ್ಟು ದುಡ್ಡು ಎತ್ತಿಡಬೇಕು?

ಹೊಸಕೋಟೆ ಕಡೆಯಿಂದ: ತಮ್ಮಾ, ನಾವೂ ಮೂವರು ಅಣ್ಣತಮ್ಮಂದಿರು ಸೇರಿ 2021ರಲ್ಲಿ ಇದೇ ಕೆಲಸ ಮಾಡಿದೆವು. ಪಹಣಿ, ಸರ್ವೆಯವರ 11ಇ ಸ್ಕೆಚ್, ಜಿಲ್ಲಾಧಿಕಾರಿಗಳ ಆದೇಶ, ಯೋಜನಾ ಪ್ರಾಧಿಕಾರದ ನಕ್ಷೆ ಮಂಜೂರಾತಿ ಅಂತ ಓಡಾಡಿ, ಎಲ್ಲ ಕೈಗೆ ಬಂದ ಮೇಲೆ ನೀರಿನ ಬಗ್ಗೆ ಯೋಚನೆ ಮಾಡಿದೆವು. ಅದು ತಿರುವುಮುರುವು ಆಯಿತು. ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಸಿಗುವ ಆದೇಶ ಭೂಮಿಯ ಬಳಕೆ ಬದಲಿಸುತ್ತದೆ ಅಷ್ಟೆ, ನೀರು ತಂದುಕೊಡುವುದಿಲ್ಲ. ಶುಲ್ಕ ಕಟ್ಟುವ ಮೊದಲೇ ನೀರು ನೋಡಿಕೊಳ್ಳಿ.

ಮೊದಲು ಎಷ್ಟು ಬೇಕು ಅಂತ ಲೆಕ್ಕ ಹಾಕಿ. 2 ಎಕರೆ ಅಂದರೆ 80 ಗುಂಟೆ, 87,120 ಚದರಡಿ. ರಸ್ತೆ, ಪಾರ್ಕು, ಸಿ.ಎ. (ಸಾರ್ವಜನಿಕ ಸೌಲಭ್ಯದ) ಜಾಗ ಬಿಟ್ಟು ನೂರಕ್ಕೆ ಸುಮಾರು 55 ಭಾಗ ಉಳಿಯಿತು ಅಂದುಕೊಂಡರೆ 40 ಸೈಟು. ಮನೆಗೆ ಐದು ಜನರಂತೆ 200 ಜನ. ಒಳಚರಂಡಿ ಇರುವ ಊರುಗಳಿಗೆ ತಲೆಗೆ ದಿನಕ್ಕೆ 135 ಲೀಟರ್ ಹಿಡಿಯುವುದು ವಾಡಿಕೆ. ಅಲ್ಲಿಗೆ ದಿನಕ್ಕೆ 27,000 ಲೀಟರ್. ಪಂಚಾಯಿತಿ ನಲ್ಲಿ ಬರುತ್ತಲ್ಲ ಅನ್ನಬಹುದು. ಜಲಜೀವನ್ ಮಿಷನ್‌ನಲ್ಲಿ ತಲೆಗೆ ಹಿಡಿದಿರುವುದು 55 ಲೀಟರ್, ಅದೂ ಊರಿನ ಮನೆಗಳ ಲೆಕ್ಕಕ್ಕೆ. ನಿಮ್ಮ 40 ಮನೆಗೆ ಲೈನ್ ಎಳೆದರೆ ಊರಿನವರ ಬಿಂದಿಗೆಗೆ ಕೈ ಹಾಕಿದ ಹಾಗೆ. ನಮ್ಮ ನೀರುಗಂಟಿ ಅದನ್ನೇ ಹೇಳಿದ, ಆ ಮಾತು ಸರಿ.

ಇನ್ನು ನಿಮ್ಮ 2 ಇಂಚು. ತುಂಬಾ ಜನ ಮೋಸ ಹೋಗುವುದು ಇಲ್ಲೇ. ಬೋರಿನವರು ‘ವಿ’ ಆಕಾರದ ಕಚ್ಚು ಇರುವ ತಗಡಿನಲ್ಲಿ ನೀರಿನ ಎತ್ತರ ಅಳೆದು ಇಂಚು ಹೇಳುತ್ತಾರೆ. 2 ಇಂಚು ಅಂದರೆ 1 ಇಂಚಿನ ಎರಡರಷ್ಟಲ್ಲ, ಐದೂವರೆ ಪಟ್ಟಿಗೂ ಹೆಚ್ಚು. 2 ಇಂಚಿಗೆ ಗಂಟೆಗೆ ಸುಮಾರು 2,900 ಲೀಟರ್ ಬಂದರೆ, ಒಂದೂವರೆಗೆ 1,400, ಒಂದಕ್ಕೆ ಬರೀ 500. ಬೇಸಿಗೆಯಲ್ಲಿ ‘ಅರ್ಧ ಇಂಚು ಇಳೀತು’ ಅಂದರೆ ಅರ್ಧ ನೀರೇ ಹೋಯಿತು ಅಂತ ಅರ್ಥ. ಪೂರ್ತಿ 2 ಇಂಚು ಇದ್ದರೂ 27,000 ಲೀಟರ್‌ಗೆ ಒಂಬತ್ತು ಗಂಟೆ ಮೋಟಾರ್ ಓಡಬೇಕು. ಒಂದೂವರೆಗೆ ಇಳಿದರೆ ಹತ್ತೊಂಬತ್ತು ಗಂಟೆ.

ಖರ್ಚು ನಮ್ಮದನ್ನೇ ಹೇಳುತ್ತೇನೆ. ಮೊದಲ ಬೋರ್ 1,050 ಅಡಿ ಹೋದರೂ ಬರೀ ಧೂಳು. ಎರಡನೆಯದು 1,180 ಅಡಿಗೆ ಸಿಕ್ಕಿತು. ಆಳ ಹೋದಹಾಗೆ ಅಡಿಯ ರೇಟೂ ಏರುತ್ತದೆ; ಕೇಸಿಂಗ್ ಸೇರಿ ಎರಡಕ್ಕೂ 5 ಲಕ್ಷ ದಾಟಿತು. ಮೋಟಾರ್, ಪೈಪ್, ಕೇಬಲ್, ಪ್ಯಾನೆಲ್‌ಗೆ 2 ಲಕ್ಷ. 50,000 ಲೀಟರ್ ಓವರ್‌ಹೆಡ್ ಟ್ಯಾಂಕಿಗೆ 12 ಲಕ್ಷದ ಹತ್ತಿರ, ಬಡಾವಣೆಯೊಳಗಿನ ಪೈಪ್‌ಲೈನಿಗೆ 4 ಲಕ್ಷ. ನಮ್ಮ 38 ಸೈಟಿಗೆ ಹಂಚಿದರೆ ಸೈಟಿಗೆ 60,000 ರೂಪಾಯಿ ಬರೀ ನೀರಿನದು. ಬತ್ತಿದ ಬೋರಿನ ದುಡ್ಡನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಿರಿ, ಆ ಬಾಯಿಯನ್ನು ಅದೇ ದಿನ ಮುಚ್ಚಿಸಿ. ಮಕ್ಕಳು ಓಡಾಡುವ ಜಾಗ.

ದೊಡ್ಡಬಳ್ಳಾಪುರದಿಂದ: ಅಣ್ಣ ಹೇಳಿದ್ದಕ್ಕೆ ಎರಡು ಸೇರಿಸುತ್ತೇನೆ. ಹೊಲದ ಬೋರಿಗೆ ಇರುವುದು ಐ.ಪಿ. ಸೆಟ್ (ನೀರಾವರಿ ಪಂಪ್) ಕರೆಂಟು. 10 ಎಚ್.ಪಿ.ವರೆಗೆ ಉಚಿತ ಕೊಡುವುದು ಬೇಸಾಯಕ್ಕೆ. ಬಡಾವಣೆಗೆ ಅದೇ ಮೀಟರಿನಿಂದ ನೀರೆತ್ತುವ ಹಾಗಿಲ್ಲ, ಬೇರೆ ಕನೆಕ್ಷನ್ ತಗೊಂಡು ಬಿಲ್ ಕಟ್ಟಬೇಕು. ಬೇಸಾಯದ ಲೈನಿನಲ್ಲಿ ತ್ರೀ ಫೇಸ್ ಬರುವುದು ಏಳು ಗಂಟೆ, 2 ಇಂಚಿದ್ದರೂ 20,000 ಲೀಟರ್ ಆಸುಪಾಸಿಗೇ ನಿಲ್ಲುತ್ತದೆ. ಇನ್ನೊಂದು, ನಿಮ್ಮ ಕೋಲಾರ ಜಿಲ್ಲೆ ಅಂತರ್ಜಲ ಅತಿಯಾಗಿ ಬಳಸಿದ ಜಿಲ್ಲೆ. 2011ರ ಅಂತರ್ಜಲ ಕಾಯ್ದೆ ಪ್ರಕಾರ ಅಧಿಸೂಚಿತ ಜಾಗದಲ್ಲಿ ಹೊಸ ಬೋರ್ ಕೊರೆಸಲು ಮೊದಲೇ ಅನುಮತಿ ಬೇಕು. ರಿಗ್ ಗಾಡಿ ಕರೆಸಿ ಆಮೇಲೆ ಅರ್ಜಿ ಹಾಕುವುದಲ್ಲ.

ಸೈಟು ಕೊಂಡವಳು: ನಾನು ಆ ಕಡೆಯವಳು, ಮಾರಿದವಳಲ್ಲ. 2019ರಲ್ಲಿ ಸೈಟು ತಗೊಂಡಾಗ ‘24 ಗಂಟೆ ಬೋರ್ ನೀರು’ ಅಂದಿದ್ದರು. 2024ರ ಮಾರ್ಚ್‌ನಲ್ಲಿ ಬೋರ್ ಗಾಳಿ ಉಗುಳಿತು. ಬೆಂಗಳೂರು ಜಿಲ್ಲಾಡಳಿತ ಆಗ 6,000 ಲೀಟರ್ ಟ್ಯಾಂಕರ್‌ಗೆ 5 ಕಿ.ಮೀ. ಒಳಗೆ 600 ರೂಪಾಯಿ ಅಂತ ದರ ಗೊತ್ತು ಮಾಡಿತ್ತು, ನಮ್ಮ ಬಡಾವಣೆಗೆ ಆ ದರಕ್ಕೆ ಯಾರೂ ಬರಲಿಲ್ಲ. ಅತ್ತೆಯವರು ಅಕ್ಕಿ ತೊಳೆದ ನೀರನ್ನೂ ಎತ್ತಿಟ್ಟು ಗಿಡಕ್ಕೆ ಹಾಕುತ್ತಿದ್ದರು. ಅಣ್ಣಾ, ಮಾರುವಾಗ ಇರುವ ನೀರು ಎಷ್ಟು ಅಂತ ನಿಜ ಹೇಳಿ. ಪ್ರತಿ ಮನೆಗೂ ಮಳೆನೀರಿನ ಸಂಪ್ ಕಡ್ಡಾಯ ಅಂತ ಕ್ರಯಪತ್ರದಲ್ಲೇ ಬರೆಸಿ. 1,000 ಚದರಡಿ ತಾರಸಿ, ವರ್ಷಕ್ಕೆ 750 ಮಿ.ಮೀ. ಮಳೆ ಅಂತ ಹಿಡಿದು ಐದರಲ್ಲೊಂದು ಪಾಲು ಪೋಲಾದರೂ 55,000 ಲೀಟರ್ ಸಿಗುತ್ತದೆ. ಐದು ಜನರ ಮನೆಗೆ ಸುಮಾರು 80 ದಿನದ ನೀರು. ಹಾಗೇ ಬೋರ್ ನೀರನ್ನು ಲ್ಯಾಬ್‌ಗೆ ಕೊಡಿ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಲು ಆಗುವುದಿಲ್ಲ, ನಿಮ್ಮ ಸೀಮೆಯಲ್ಲಿ ಆ ತೊಂದರೆ ಇದೆ.

ಕೇಳಿದವರು: ಅಕ್ಕ, ಅಣ್ಣಂದಿರೇ, ತುಂಬಾ ಉಪಕಾರವಾಯಿತು. ಕೆ.ಸಿ. ವ್ಯಾಲಿ ನೀರು ಬಂದಮೇಲೆ ನಮ್ಮ ಕಡೆ ಬೋರ್‌ಗಳು ಸುಧಾರಿಸಿವೆ ಅಂತಾರೆ, ಅದನ್ನು ನಂಬಬಹುದಾ? ತಗಡು ಇಲ್ಲದೆ ನೀರು ಅಳೆಯುವುದು ಹೇಗೆ?

ಹೊಸಕೋಟೆ ಕಡೆಯಿಂದ: ಅದು 2018ರಿಂದ ಕೆರೆಗಳಿಗೆ ಹರಿಯುತ್ತಿರುವ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು. ಅಂತರ್ಜಲ ಏರಲಿ ಅಂತ ಬಿಡುವುದು, ಕುಡಿಯಲಿಕ್ಕಲ್ಲ. ನಿಮ್ಮ ಹೊಲದ ಹತ್ತಿರದ ಕೆರೆ ತುಂಬುತ್ತಿದ್ದರೆ ಅನುಕೂಲ, ಇಲ್ಲದಿದ್ದರೆ ಅದನ್ನು ನೆಚ್ಚಬೇಡಿ. ಅಳೆಯಲು 200 ಲೀಟರ್ ಡ್ರಮ್ ಸಾಕು. ತುಂಬಲು ನಾಲ್ಕು ನಿಮಿಷ ಹಿಡಿದರೆ 2 ಇಂಚು, ಎಂಟೂವರೆ ನಿಮಿಷ ಹಿಡಿದರೆ ಒಂದೂವರೆ. ಏಪ್ರಿಲ್‌ನಲ್ಲಿ ಮೋಟಾರ್ ಹಾಕಿದ ಕೂಡಲೇ ಒಂದು ಸಲ, ಆರು ಗಂಟೆ ಬಿಡದೆ ಓಡಿಸಿ ಇನ್ನೊಂದು ಸಲ ಅಳೆಯಿರಿ. ಎರಡನೇ ಸಲ ಬಂದದ್ದನ್ನೇ ಬರೆದುಕೊಂಡು ಎಷ್ಟು ಸೈಟು ಅಂತ ತೀರ್ಮಾನ ಮಾಡಿ.