ಜರ್ಮನಿ ಬೈಯರ್ ಕೇಳಿದ ಮಾನವ ಹಕ್ಕು ಡ್ಯೂ ಡಿಲಿಜೆನ್ಸ್: ಮಾಡಿದವರು ಅನುಭವ ಹೇಳಿ

ಕೇಳಿದವರು: ಎಚ್‌ಆರ್, ದೊಡ್ಡಬಳ್ಳಾಪುರ

ನಮ್ಮದು ಶರ್ಟ್ ಹೊಲಿಯುವ ಗಾರ್ಮೆಂಟ್ಸ್. ಸುಮಾರು ಆರುನೂರು ಜನ, ಬಹುಪಾಲು ಹೆಣ್ಣುಮಕ್ಕಳು. ಬಟ್ಟೆ ಈರೋಡ್ ಕಡೆಯಿಂದ ಬರುತ್ತದೆ. ಎಂಬ್ರಾಯಿಡರಿ, ವಾಷಿಂಗ್ ಎರಡೂ ಹೊರಗೆ ಜಾಬ್ ವರ್ಕ್. ಈಗ ಜರ್ಮನಿಯ ಬೈಯರ್ ಡ್ಯೂ ಡಿಲಿಜೆನ್ಸ್ ಅಂತ, ಅಂದರೆ ಕೆಲಸಗಾರರ ಹಕ್ಕಿಗೆ ಎಲ್ಲಿ ಧಕ್ಕೆ ಆಗಬಹುದು ಅಂತ ಹುಡುಕಿ ತಡೆಯುವುದಕ್ಕೆ, ಉದ್ದನೆಯ ಪ್ರಶ್ನೆಪಟ್ಟಿ ಕಳಿಸಿದ್ದಾರೆ. ನೂಲು ಯಾವ ಮಿಲ್‌ನದು, ಹತ್ತಿ ಎಲ್ಲಿಯದು, ಬಾಲಕಾರ್ಮಿಕರು, ಜೀತ, ಹಾಸ್ಟೆಲ್, ಕಿರುಕುಳ, ಎಲ್ಲ ಕೇಳಿದ್ದಾರೆ. ಕೊನೆಗೆ "ನಮ್ಮ ಸಪ್ಲೈ ಚೈನ್‌ನಲ್ಲಿ ಎಲ್ಲೂ ಹಕ್ಕು ಉಲ್ಲಂಘನೆ ಇಲ್ಲ" ಅಂತ ಸಹಿ ಮಾಡಬೇಕಂತೆ. ಮಾಲೀಕರು "ಎಲ್ಲದಕ್ಕೂ ಎಸ್ ಹಾಕಿ ಕಳಿಸಮ್ಮ" ಅನ್ನುತ್ತಾರೆ. ಕನ್ಸಲ್ಟೆಂಟ್ ಒಬ್ಬರು ಫೈಲ್ ಪೂರ್ತಿ ರೆಡಿ ಮಾಡಿಕೊಡ್ತೀನಿ ಅಂದಿದ್ದಾರೆ. ಈರೋಡ್ ಆಚೆ ಏನಿದೆ ಅಂತ ನನಗೇ ಗೊತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಕಂಪ್ಲಯನ್ಸ್ ಮ್ಯಾನೇಜರ್, ಪೀಣ್ಯ

ಮೇಡಂ, ಮೊದಲು ಆ ರೆಡಿಮೇಡ್ ಫೈಲ್ ಬೇಡ ಅನ್ನಿ. 2012ರ ಸೆಪ್ಟೆಂಬರ್‌ನಲ್ಲಿ ಕರಾಚಿಯ ಅಲಿ ಎಂಟರ್‌ಪ್ರೈಸಸ್ ಕಾರ್ಖಾನೆಗೆ ಬೆಂಕಿ ಬಿದ್ದು 250ಕ್ಕೂ ಹೆಚ್ಚು ಜನ ಸತ್ತರು. ಅದಕ್ಕೆ ಕೆಲವೇ ವಾರ ಮುಂಚೆ ಆ ಕಾರ್ಖಾನೆಗೆ, ಕಾರ್ಮಿಕರ ಹಕ್ಕು, ಸುರಕ್ಷತೆ ಎಲ್ಲ ಸರಿಯಿದೆ ಅನ್ನುವ ಎಸ್‌ಎ 8000 ಸರ್ಟಿಫಿಕೇಟ್ ಸಿಕ್ಕಿತ್ತು. ಅವರ ಹತ್ತಿರವೂ ಚಂದದ ಫೈಲ್ ಇತ್ತು, ಅಲ್ವಾ?

ಶುರು ಮಾಡುವ ಜಾಗ ಈರೋಡ್ ಅಲ್ಲ, ನಿಮ್ಮದೇ ಅಕೌಂಟ್ಸ್ ರೂಮು. ಪರ್ಚೇಸ್ ವಿಭಾಗದವರು ಕೊಡುವ ಸಪ್ಲೈಯರ್ ಪಟ್ಟಿ ಯಾವಾಗಲೂ ನೀಟಾಗಿರುತ್ತದೆ. ಅದನ್ನು ಪಕ್ಕಕ್ಕಿಡಿ. ಹಣ ಯಾರ್ಯಾರಿಗೆ ಹೋಗಿದೆ ಅನ್ನುವ ಲೆಡ್ಜರ್ ತೆಗೆಯಿರಿ. ಸೆಕ್ಯುರಿಟಿ ಹತ್ತಿರ ಇರುವ ಗೇಟ್ ರಿಜಿಸ್ಟರ್, ಜಾಬ್ ವರ್ಕ್ ಚಲನ್ ತೆಗೆಯಿರಿ. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಪಟ್ಟಿಯಲ್ಲಿ ಇಲ್ಲದ ಹೆಸರು ಒಂದಾದರೂ ಸಿಗುತ್ತದೆ.

ನಮ್ಮಲ್ಲಿ ಹೀಗೆ ಸಿಕ್ಕಿದ್ದು ಹೇಳುತ್ತೇನೆ. ಕೈಕೆಲಸದ ಪೀಸ್ ಹೋಗುತ್ತಿದ್ದ ಒಂದು ಯೂನಿಟ್‌ನಲ್ಲಿ ನೋಡಿದರೆ ಬೆರಳೆಣಿಕೆಯ ಜನ. ಚಲನ್ ಪ್ರಕಾರ ವಾರಕ್ಕೆ ವಾಪಸ್ ಬರುತ್ತಿದ್ದ ಪೀಸ್ ಅಷ್ಟು ಜನ ಹಗಲು ರಾತ್ರಿ ಕೂತರೂ ಮುಗಿಯುವಂಥದ್ದಲ್ಲ. ಮಿಕ್ಕಿದ್ದು ಎಲ್ಲಿಗೆ ಹೋಗುತ್ತಿದೆ ಅಂತ ಕೇಳಿದಾಗ ಆ ಮನುಷ್ಯ ಮಾತು ಬದಲಾಯಿಸಿದ. ಆಟೋದಲ್ಲಿ ಮೂಟೆ ಹೋಗುತ್ತಿದ್ದುದು ಸುತ್ತಲಿನ ಮನೆಗಳಿಗೆ. ಪೀಸ್ ಲೆಕ್ಕದಲ್ಲಿ ಚಿಲ್ಲರೆ ಕಾಸು, ಮಣಿ ಹಾಕಲು ಮಕ್ಕಳೂ ಕೂರುತ್ತಿದ್ದರು. ಯಾವ ಪ್ರಶ್ನೆಪಟ್ಟಿಯಲ್ಲೂ ಇದು ಬರುತ್ತಿರಲಿಲ್ಲ. ಚಲನ್, ತಲೆ ಲೆಕ್ಕ, ಕೆಲಸದ ವೇಗ, ಈ ಮೂರನ್ನು ಕೂಡಿ ಕಳೆದರೆ ಸಾಕು.

ಆಮೇಲೆ ನಿಮ್ಮದೇ ಸಂಬಳದ ಚೀಟಿ ನೋಡಿ. 2020ರ ಏಪ್ರಿಲ್‌ನಲ್ಲಿ ಕರ್ನಾಟಕದಲ್ಲಿ ತುಟ್ಟಿಭತ್ಯೆ ತಿಂಗಳಿಗೆ ಸುಮಾರು 417 ರೂಪಾಯಿ ಏರಬೇಕಿತ್ತು. ಕೊರೊನಾ ಅಂತ ಸರ್ಕಾರ ಮುಂದಕ್ಕೆ ಹಾಕಿತು. ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಆದರೂ ಬಹಳ ಗಾರ್ಮೆಂಟ್ಸ್ ಕೊಡಲಿಲ್ಲ. ಬ್ರ್ಯಾಂಡ್‌ಗಳ ಮೇಲೆ ಒತ್ತಡ ಬಿದ್ದ ಮೇಲೆ, 2022ರ ಹೊತ್ತಿಗೆ, ಬಾಕಿ ಸಮೇತ ಕೊಡಲು ಒಪ್ಪಿದರು. ಎಲ್ಲರ ಕಣ್ಣೂ ಹತ್ತಿ ಹೊಲದ ಮೇಲೆ ಇರುತ್ತದೆ. ದೊಡ್ಡ ಉಲ್ಲಂಘನೆ ನಮ್ಮ ಕಾಂಪೌಂಡಿನ ಒಳಗೇ, ಎಲ್ಲರಿಗೂ ಕಾಣುವ ಪೇ ಸ್ಲಿಪ್‌ನಲ್ಲೇ ಇತ್ತು.

ಪರ್ಚೇಸಿಂಗ್, ಶ್ಟುಟ್‌ಗಾರ್ಟ್ (ಊರು ಹಾಸನ)

ನಾನು ಪ್ರಶ್ನೆಪಟ್ಟಿ ಕಳಿಸುವ ಕಡೆ ಕೂತವನು. ನಮ್ಮದು ಯಂತ್ರ ಮಾಡುವ ಕಂಪನಿ, ಆದರೆ ಕಾನೂನು ಒಂದೇ.

ಜರ್ಮನಿಯ ಸಪ್ಲೈ ಚೈನ್ ಕಾಯ್ದೆ 2023ರ ಜನವರಿಯಿಂದ 3000 ಉದ್ಯೋಗಿಗಳಿರುವ ಕಂಪನಿಗಳಿಗೆ, 2024ರಿಂದ 1000 ಇರುವವರಿಗೆ ಬಂತು. ಅದು ಹೇಳುವುದು ಪ್ರಯತ್ನದ ಬಗ್ಗೆ. ಅಪಾಯ ಎಲ್ಲಿದೆ ಅಂತ ಹುಡುಕು, ತಡೆಯಲು ಏನಾದರೂ ಮಾಡು, ದೂರು ಕೇಳುವ ದಾರಿ ಇಡು. "ನಮ್ಮ ಸರಪಳಿಯಲ್ಲಿ ಏನೂ ತಪ್ಪಿಲ್ಲ" ಅಂತ ಗ್ಯಾರಂಟಿ ಕೊಡು ಅಂತ ಅದು ಯಾರನ್ನೂ ಕೇಳುವುದಿಲ್ಲ. ಹಾಗಾಗಿ ನಿಮ್ಮಿಂದ ಅಂಥ ಸಹಿ ಕೇಳುವುದೇ ವಿಚಿತ್ರ. ತನ್ನ ಕೆಲಸವನ್ನು ಪೂರ್ತಿ ಸಪ್ಲೈಯರ್ ತಲೆಗೆ ಕಟ್ಟುವ ಹಾಗಿಲ್ಲ ಅಂತ ಈ ಕಾಯ್ದೆ ನೋಡಿಕೊಳ್ಳುವ ಬಾಫಾ ಕಚೇರಿಯೇ ಹೇಳಿದೆ. ಮರ್ಯಾದೆಯಿಂದ ಒಂದು ಪತ್ರ ಬರೆಯಿರಿ: ನಮಗೆ ಗೊತ್ತಿರುವುದು ಇಷ್ಟು, ಗೊತ್ತಿಲ್ಲದ್ದು ಇಷ್ಟು, ಮುಂದಿನ ಆರು ತಿಂಗಳಲ್ಲಿ ಇಂತಿಂಥದ್ದು ನೋಡುತ್ತೇವೆ. ನನ್ನ ಟೇಬಲ್‌ಗೆ ಎಲ್ಲ ಎಸ್ ಇರುವ ಫಾರ್ಮ್ ಬಂದರೆ ಅನುಮಾನ ಬರುತ್ತದೆ. ಹೀಗೆ ಬಿಚ್ಚಿ ಬರೆದ ಪತ್ರ ಬಂದರೆ ಫೋನ್ ಮಾಡುತ್ತೇನೆ.

ಇನ್ನೊಂದು ವಿಷಯ ನಿಮ್ಮ ಮಾಲೀಕರಿಗೆ ಖುಷಿ ಕೊಡಬಹುದು. ಖರೀದಿ ಮಾಡುವ ರೀತಿಯಿಂದಲೇ ಅಪಾಯ ಹುಟ್ಟದಂತೆ ಬೈಯರ್ ನೋಡಿಕೊಳ್ಳಬೇಕು ಅಂತಲೂ ಅದೇ ಕಾಯ್ದೆಯಲ್ಲಿದೆ. ಕೊನೆ ಗಳಿಗೆಯಲ್ಲಿ ಕಾಲರ್ ಬದಲಾಯಿಸಿ ಶಿಪ್‌ಮೆಂಟ್ ದಿನ ಹಾಗೇ ಇಟ್ಟರೆ ಓವರ್‌ಟೈಮ್ ಯಾರು ಮಾಡುವುದು? ಅಂಥ ಮೇಲ್‌ಗಳನ್ನು ಎತ್ತಿಟ್ಟುಕೊಳ್ಳಿ, ಉತ್ತರದ ಜೊತೆ ಲಗತ್ತಿಸಿ. ತಪ್ಪು ಒಪ್ಪಿಕೊಂಡರೆ ಆರ್ಡರ್ ಹೋಗುತ್ತದೆ ಅನ್ನುವ ಭಯ ಸಹಜ. ಆದರೆ ವ್ಯವಹಾರ ಕಡಿದುಕೊಳ್ಳುವುದು ಕಟ್ಟಕಡೆಯ ಮಾತು, ಮೊದಲು ಸರಿಪಡಿಸಲು ನೋಡಬೇಕು ಅಂತಲೇ ಕಾಯ್ದೆ ಇದೆ. ಎಲ್ಲ ಬೈಯರ್‌ಗಳೂ ಹಾಗೆ ನಡೆದುಕೊಳ್ಳುತ್ತಾರೆ ಅಂತ ಮಾತ್ರ ನಾನು ಹೇಳಲ್ಲ.

ಇದೇ ವಿಷಯಕ್ಕೆ ಯುರೋಪ್ ಒಕ್ಕೂಟದ ದೊಡ್ಡ ನಿಯಮ 2024ರಲ್ಲಿ ಬಂತು, ಮರುವರ್ಷವೇ ಜಾರಿಯ ದಿನ ಮುಂದೆ ಹೋಯಿತು. ಸದ್ಯ ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ನೂಲು ಖರೀದಿ, ತಿರುಪ್ಪೂರು (ಊರು ಚಾಮರಾಜನಗರ)

ಈರೋಡ್ ಆಚೆ ಏನಿದೆ ಅಂದಿರಲ್ಲ, ಸ್ಪಿನ್ನಿಂಗ್ ಮಿಲ್ ಇದೆ. ನಿಮ್ಮ ಶರ್ಟಿನ ಅತಿ ದೊಡ್ಡ ಅಪಾಯ ಅಲ್ಲೇ ಇರಬಹುದು.

ಸುಮಂಗಲಿ ಯೋಜನೆ ಅಂತ ಕೇಳಿರಬಹುದು. ಬಡವರ ಮನೆಯ ಹದಿಹರೆಯದ ಹುಡುಗಿಯರನ್ನು ಮೂರು ವರ್ಷದ ಲೆಕ್ಕಕ್ಕೆ ಮಿಲ್ ಹಾಸ್ಟೆಲ್‌ಗೆ ಕರೆತರುವುದು. ತಿಂಗಳಿಗೆ ಸ್ವಲ್ಪ ಕೊಟ್ಟು, ಉಳಿದದ್ದು ಮದುವೆ ಖರ್ಚಿಗೆ ಅಂತ ಕೊನೆಗೆ ಗಂಟಾಗಿ ಕೊಡುವ ಮಾತು. ಮಧ್ಯದಲ್ಲಿ ಕಾಯಿಲೆ ಬಿದ್ದು ಹೋದರೆ ಗಂಟು ಇಲ್ಲ. ಈಗ ಆ ಹೆಸರು ಯಾರೂ ಹೇಳುವುದಿಲ್ಲ. ಹೆಸರು ಹೋದ ಮಾತ್ರಕ್ಕೆ ಪದ್ಧತಿ ಹೋಗಿದೆ ಅಂತ ನಂಬಬೇಡಿ. ಈಗ ಒಡಿಶಾ, ಜಾರ್ಖಂಡ್, ಬಿಹಾರದಿಂದ ಬಂದವರೂ ಜಾಸ್ತಿ.

ಮಿಲ್‌ಗೆ ಹೋದಾಗ ಮಷೀನ್ ನೋಡುವ ಮುಂಚೆ ಹಾಸ್ಟೆಲ್ ಗೇಟಿನ ರಿಜಿಸ್ಟರ್ ಕೇಳಿ. ಭಾನುವಾರ ಯಾರು ಹೊರಗೆ ಹೋದರು, ಎಷ್ಟು ಗಂಟೆಗೆ, ಜೊತೆಗೆ ವಾರ್ಡನ್ ಇದ್ದಳಾ? ಎಲ್ಲರೂ ಒಂದೇ ಹೊತ್ತಿಗೆ ಹೋಗಿ ಒಂದೇ ಹೊತ್ತಿಗೆ ಬಂದಿದ್ದರೆ ಅದು ರಜೆ ಅಲ್ಲ. ಮೊಬೈಲ್ ಯಾರ ಹತ್ತಿರ ಇರುತ್ತದೆ? ಕೆಲಸಕ್ಕೆ ಕರೆತಂದ ಏಜೆಂಟ್ ಯಾರು, ಅವನಿಗೆ ಕಮಿಷನ್ ಕೊಟ್ಟವರು ಮಿಲ್‌ನವರಾ, ಹುಡುಗಿಯ ಅಪ್ಪನಾ? ಬ್ಯಾಂಕ್ ಖಾತೆಗೆ ಸಂಬಳ ಬರುತ್ತದೆ ಅನ್ನುತ್ತಾರೆ, ಸರಿ, ಎಟಿಎಂ ಕಾರ್ಡ್ ಎಲ್ಲಿದೆ? ಇಷ್ಟು ಕೇಳಿದರೆ ಅರ್ಧ ಗಂಟೆಯಲ್ಲಿ ಹಣೆಬರಹ ಗೊತ್ತಾಗುತ್ತದೆ.

ಒಳ್ಳೆಯದು ನೋಡಬೇಕಾದರೆ ತಮಿಳುನಾಡಿನ ದಿಂಡಿಗಲ್ ಒಪ್ಪಂದ ಓದಿ. 2021ರಲ್ಲಿ ಅಲ್ಲಿನ ಗಾರ್ಮೆಂಟ್ಸ್‌ನ ದಲಿತ ಹೆಣ್ಣುಮಗಳೊಬ್ಬಳ ಕೊಲೆಯಾಯಿತು. ಅದಾದ ಮೇಲೆ, 2022ರಲ್ಲಿ, ಮಹಿಳೆಯರೇ ಮುನ್ನಡೆಸುವ ಕಾರ್ಮಿಕ ಸಂಘ, ಕಾರ್ಖಾನೆ, ಬ್ರ್ಯಾಂಡ್‌ಗಳು ಕೂತು ಸಹಿ ಮಾಡಿದರು. ಲೈನ್‌ನಲ್ಲಿ ಕೂತವರಿಗೇ ತರಬೇತಿ ಕೊಟ್ಟು ಕಿರುಕುಳ ಗಮನಿಸುವ ಕೆಲಸ ಕೊಟ್ಟಿದ್ದಾರೆ. ವರ್ಷಕ್ಕೊಮ್ಮೆ ಬರುವ ಆಡಿಟರ್‌ಗೆ ಸೂಪರ್‌ವೈಸರ್ ಬಾಯಿ ಎಂಥದ್ದು ಅಂತ ಹೇಗೆ ಗೊತ್ತಾಗಬೇಕು?

ರೈತರ ಗುಂಪು ನೋಡಿಕೊಳ್ಳುವವ, ಕುಷ್ಟಗಿ

ಹತ್ತಿ ಎಲ್ಲಿಯದು ಅಂತ ಕೇಳಿದ್ದಾರಲ್ಲ, ಬೀಜ ಎಲ್ಲಿಯದು ಅಂತ ಯಾರೂ ಕೇಳುವುದಿಲ್ಲ. ನಮ್ಮ ಕಡೆ ಹೈಬ್ರಿಡ್ ಹತ್ತಿಯ ಸೀಡ್ಸ್ ಪ್ಲಾಟ್ ಮಾಡುತ್ತಾರೆ. ಸಂಜೆ ಮೊಗ್ಗು ಬಿಡಿಸಿ ಒಳಗಿನ ಕೇಸರ ತೆಗೆಯಬೇಕು. ಮರುದಿನ ಬೆಳಿಗ್ಗೆ ಗಂಡು ಹೂವು ತಂದು ಒಂದೊಂದಕ್ಕೂ ಮುಟ್ಟಿಸಬೇಕು. ಕ್ರಾಸಿಂಗ್ ಅಂತೀವಿ. ಸಣ್ಣ ಬೆರಳು ಚುರುಕು ಅಂತ ನೆಪ ಹೇಳಿ ಹುಡುಗಿಯರನ್ನು ಕರೆಯುತ್ತಾರೆ. ನಿಜ ಏನಂದರೆ ಅವರಿಗೆ ಕೂಲಿ ಕಡಿಮೆ. ಕಂಪನಿ ರೈತನ ಜೊತೆ ನೇರ ಮಾತಾಡುವುದಿಲ್ಲ, ನಡುವೆ ಆರ್ಗನೈಸರ್ ಇರುತ್ತಾನೆ. ಮುಂಗಡ ಅವನಿಂದಲೇ, ರೇಟೂ ಅವನದೇ. ಆ ರೇಟಿನಲ್ಲಿ ದೊಡ್ಡವರ ಕೂಲಿ ಕೊಟ್ಟರೆ ರೈತನಿಗೆ ಏನೂ ಉಳಿಯುವುದಿಲ್ಲ.

ನಿಮ್ಮಂಥ ಒಂದು ಕಾರ್ಖಾನೆ ಇಲ್ಲಿಯವರೆಗೆ ಬರಲಿಕ್ಕಾಗುವುದಿಲ್ಲ, ಗೊತ್ತು. ಆದರೆ ಯಾರಾದರೂ ಬಂದರೆ ಹೊಲಕ್ಕೆ ಹೋಗುವ ಮೊದಲು ಶಾಲೆಗೆ ಹೋಗಿ, ಕ್ರಾಸಿಂಗ್ ತಿಂಗಳ ಹಾಜರಿ ಪುಸ್ತಕ ನೋಡಿ. ಜೀಪು ಬಂತು ಅಂದರೆ ಹೊಲದಲ್ಲಿ ಮಕ್ಕಳು ಕಾಣುವುದಿಲ್ಲ, ಹಾಜರಿ ಪುಸ್ತಕ ಎಲ್ಲಿಗೆ ಓಡುತ್ತದೆ?

ಮೊದಲು ಟೈಲರ್, ಈಗ ಸಂಘದ ಕೆಲಸ, ಮೈಸೂರು ರಸ್ತೆ

ಅಕ್ಕಾ, ಎಲ್ಲರೂ ರಿಜಿಸ್ಟರ್ ಹೇಳಿದರು. ನಾನು ಮನುಷ್ಯರ ವಿಷಯ ಹೇಳುತ್ತೇನೆ. ಆಡಿಟ್ ದಿನ ನಮಗೆಲ್ಲ ಬೆಳಿಗ್ಗೆಯೇ ಪಾಠ ಆಗುತ್ತಿತ್ತು. ಮಾಸ್ಕ್ ಹಾಕಿ, ಕುಡಿಯುವ ನೀರಿನ ಕ್ಯಾನ್ ಹೊಸದು, ಟಾಯ್ಲೆಟ್‌ನಲ್ಲಿ ಸೋಪು. ಮಾತಾಡಿಸಲು ಆರಿಸುತ್ತಿದ್ದವರು ಎಚ್‌ಆರ್‌ನವರು ತೋರಿಸಿದವರನ್ನೇ. ದೂರು ಪೆಟ್ಟಿಗೆ ಇತ್ತು, ಅದರ ಮೇಲೇ ಸಿಸಿಟಿವಿ. ಯಾರು ಚೀಟಿ ಹಾಕುತ್ತಾರೆ?

ಕಾಂಪ್ ಆಫ್ ಬಗ್ಗೆ ಕೇಳಿ. ಕರೆಂಟ್ ಇಲ್ಲ, ಬಟ್ಟೆ ಬಂದಿಲ್ಲ ಅಂತ ಒಂದು ದಿನ ಮನೆಗೆ ಕಳಿಸುತ್ತಾರೆ. ಆಮೇಲೆ ಆರ್ಡರ್ ಜೋರಾದಾಗ ಭಾನುವಾರ ಬಂದು ಆ ದಿನ ತುಂಬಿಕೊಡಬೇಕು. ಓವರ್‌ಟೈಮ್ ದುಪ್ಪಟ್ಟು ಉಳಿಯಿತು ಅವರಿಗೆ. ಪುಸ್ತಕದಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ.

2016ರ ಏಪ್ರಿಲ್ ನೆನಪಿದೆಯಾ? ಪಿಎಫ್ ತೆಗೆಯುವ ನಿಯಮ ಬದಲಾಯಿತು ಅಂತ ಸಾವಿರಾರು ಹೆಣ್ಣುಮಕ್ಕಳು ಹೊಸೂರು ರಸ್ತೆ, ತುಮಕೂರು ರಸ್ತೆಗೆ ಇಳಿದರು. ಯಾವ ಸಂಘವೂ ಕರೆ ಕೊಟ್ಟಿರಲಿಲ್ಲ. ಕೇಂದ್ರ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು. ಅಷ್ಟು ದೊಡ್ಡ ಸಿಟ್ಟು ಯಾವ ಕಾರ್ಖಾನೆಯ ದೂರು ಪೆಟ್ಟಿಗೆಯಲ್ಲೂ ಕಂಡಿರಲಿಲ್ಲ.

ಹಾಗಾಗಿ ಮಾತು ಕಾರ್ಖಾನೆ ಒಳಗೆ ಬೇಡ. ಶಿಫ್ಟ್ ಮುಗಿದ ಮೇಲೆ ಅವರ ಮನೆ ಹತ್ತಿರ, ಸೂಪರ್‌ವೈಸರ್ ಇಲ್ಲದ ಕಡೆ ಮಾತಾಡಿ. ನೀವೇ ಹೋದರೆ ಬಾಯಿ ಬಿಡಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಸಂಘದವರನ್ನೋ ಊರಿನ ಮಹಿಳಾ ಸಂಘದವರನ್ನೋ ಕರೆದುಕೊಳ್ಳಿ. ಒಡಿಯಾ ಹುಡುಗಿಯರ ಜೊತೆ ಒಡಿಯಾ ಬರುವವರೇ ಮಾತಾಡಲಿ, ಏಜೆಂಟ್ ಅನುವಾದ ಮಾಡಬಾರದು. ಟಾರ್ಗೆಟ್ ಎಷ್ಟು ಅಂತ ಕೇಳಬೇಡಿ, ಮಧ್ಯಾಹ್ನದೊಳಗೆ ಟಾಯ್ಲೆಟ್‌ಗೆ ಹೋಗಲು ಆಗುತ್ತಾ ಅಂತ ಕೇಳಿ.

ಎಂಬ್ರಾಯಿಡರಿ ಯೂನಿಟ್ ಮಾಲೀಕ, ಬೆಂಗಳೂರು

ಸ್ವಲ್ಪ ಖಾರ ಅನಿಸಬಹುದು, ಕ್ಷಮಿಸಿ. ನೀವು ನಮಗೂ ಇದೇ ಪ್ರಶ್ನೆಪಟ್ಟಿ ಫಾರ್ವರ್ಡ್ ಮಾಡುತ್ತೀರಿ. ಕಳೆದ ವರ್ಷಕ್ಕಿಂತ ಪೀಸಿಗೆ ಕಡಿಮೆ ಮಾಡಿ ಅನ್ನುವ ಮೇಲ್ ಅದೇ ವಾರ ಬರುತ್ತದೆ. ಸಣ್ಣ ಉದ್ಯಮಕ್ಕೆ ಹೆಚ್ಚೆಂದರೆ 45 ದಿನದಲ್ಲಿ ದುಡ್ಡು ಕೊಡಬೇಕು ಅಂತ 2006ರ ಕಾಯ್ದೆ ಇದೆ. ನಮಗೆ ಬರುವುದು ನಾಲ್ಕನೇ ತಿಂಗಳಿಗೆ. ನಾನು ಹುಡುಗರಿಗೆ ಸಂಬಳ ಎಲ್ಲಿಂದ ತರಲಿ? ಪಿಎಫ್ ಚಲನ್ ಕೇಳಿ, ಖಂಡಿತ ತೋರಿಸುತ್ತೇನೆ. ಜೊತೆಗೆ ನಿಮ್ಮ ಕಡೆಯಿಂದ ಬಾಕಿ ಎಷ್ಟಿದೆ ಅನ್ನುವ ಒಂದು ಕಾಲಂ ಅದೇ ಫಾರ್ಮ್‌ನಲ್ಲಿ ಸೇರಿಸಿ.

ವಕೀಲರು, ಬೆಂಗಳೂರು

ಚಿಕ್ಕದಾಗಿ ಹೇಳಿಬಿಡುತ್ತೇನೆ. ಜೀತ ಅಂದರೆ ಕಾಲಿಗೆ ಸರಪಳಿ ಅಂತ ತಿಳಿಯಬೇಡಿ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿದರೆ ಅದೇ ಬಲವಂತದ ದುಡಿಮೆ, ಸಂವಿಧಾನದ 23ನೇ ವಿಧಿಗೆ ವಿರುದ್ಧ ಅಂತ ಸುಪ್ರೀಂ ಕೋರ್ಟ್ 1982ರಲ್ಲೇ, ಏಷ್ಯಾಡ್ (ದೆಹಲಿಯ ಏಷ್ಯನ್ ಕ್ರೀಡಾಕೂಟ) ಕಟ್ಟಡ ಕಾರ್ಮಿಕರ ಕೇಸಿನಲ್ಲಿ ಹೇಳಿದೆ. ಆದ್ದರಿಂದ "ಬಲವಂತದ ದುಡಿಮೆ ಇಲ್ಲ" ಅಂತ ಟಿಕ್ ಹಾಕುವ ಮುಂಚೆ ಜಾಬ್ ವರ್ಕ್‌ನವರ ಕೂಲಿ ನೋಡಿ. ಪೀಣ್ಯದವರು ಹೇಳಿದ ಹಾಗೆ ಮಕ್ಕಳು ಸಿಕ್ಕರೆ ಅದೇ ದಿನ ಆ ಯೂನಿಟ್ ಕಿತ್ತುಹಾಕಿ ಕೈ ತೊಳೆದುಕೊಳ್ಳಬೇಡಿ. ಆ ಮಗು ಇನ್ನೊಂದು ಮನೆಗೆ ಹೋಗುತ್ತದೆ ಅಷ್ಟೇ. ಮಗು ಶಾಲೆಗೆ ಸೇರುವುದು, ಮನೆಯ ದೊಡ್ಡವರಿಗೆ ಸರಿಯಾದ ಕೂಲಿಯ ಕೆಲಸ, ಎರಡನ್ನೂ ಯೂನಿಟ್‌ನವರಿಂದ ಬರೆಸಿಕೊಂಡು ಮೂರು ತಿಂಗಳು ಹಿಂದೆ ಬಿದ್ದು ನೋಡಿ. ಮತ್ತೆ, 2025ರ ನವೆಂಬರ್ 21ರಿಂದ ಹಳೆಯ ಕಾರ್ಮಿಕ ಕಾಯ್ದೆಗಳ ಜಾಗದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಾಗಿವೆ. ಪ್ರಶ್ನೆಪಟ್ಟಿಯಲ್ಲಿ ಹಳೆ ಕಾಯ್ದೆಗಳ ಹೆಸರೇ ಇದ್ದರೆ ಬೈಯರ್‌ಗೆ ತಿಳಿಸಿ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಗೇಟ್ ರಿಜಿಸ್ಟರ್ ತರಿಸಿದ್ದೇನೆ. ಪಟ್ಟಿಯಲ್ಲಿ ಇಲ್ಲದ ಒಂದು ವಾಷಿಂಗ್ ಯೂನಿಟ್ ಆಗಲೇ ಸಿಕ್ಕಿತು. ಎಂಬ್ರಾಯಿಡರಿ ಸಾರ್, ನಿಮ್ಮ ಕಾಲಂ ಸೇರಿಸುತ್ತೇನೆ, ಅಕೌಂಟ್ಸ್‌ನವರು ಬೈದರೂ ಪರವಾಗಿಲ್ಲ. ಮಾಲೀಕರದು ಒಂದೇ ಪ್ರಶ್ನೆ: ಮಿಲ್‌ಗೆ ಹೋಗಿ ಬರುವ ಖರ್ಚು, ಒಡಿಯಾ ಬಲ್ಲವರ ಖರ್ಚು ಯಾರದು?

ಪರ್ಚೇಸಿಂಗ್, ಶ್ಟುಟ್‌ಗಾರ್ಟ್

ಬೈಯರ್‌ಗೆ ಕೇಳಿ, ನಾಚಿಕೆ ಬೇಡ. ಬರೀ "ಖರ್ಚು ಕೊಡಿ" ಅಂದರೆ ಕೊಡಲ್ಲ. ಯಾವ ಮಿಲ್, ಯಾವ ತಿಂಗಳು, ಯಾರು ಹೋಗುತ್ತಾರೆ, ಎಷ್ಟು ಆಗುತ್ತದೆ ಅಂತ ಒಂದು ಪುಟ ಬರೆದು ಅರ್ಧ ಕೇಳಿ. ನಮ್ಮಲ್ಲಿ ಇದಕ್ಕೆ ಬಜೆಟ್ ಇರುತ್ತದೆ, ವರ್ಷದ ಕೊನೆಗೆ ಖಾಲಿಯಾಗದೆ ಉಳಿಯುತ್ತದೆ. ಅಕ್ಟೋಬರ್ ಒಳಗೆ ಕಳಿಸಿ. ಆ ವಾಷಿಂಗ್ ಯೂನಿಟ್ ಹೆಸರೂ ಅದೇ ಪುಟದಲ್ಲಿರಲಿ.