ಅರೆತಲೆನೋವು ಇರುವವರೇ, ಚಿಂತೆಯನ್ನು ಹೇಗೆ ತಡೆದುಕೊಂಡಿರಿ?

ಬ್ಯಾಂಕ್ ನೌಕರಿ, ಕಲಬುರಗಿ: ತಿಂಗಳಲ್ಲಿ ಅರ್ಧಕ್ಕಿಂತ ಜಾಸ್ತಿ ದಿನ ಮೈಗ್ರೇನ್. ಔಷಧಿ ನಡೆದಿದೆ. ಆದರೆ ನಾಳೆ ಮತ್ತೆ ಬರುತ್ತದೇನೋ ಎಂಬ ಭಯ ನೋವಿಗಿಂತ ಹೆಚ್ಚು ಕಾಡುತ್ತಿದೆ. ಮುಂದಿನ ತಿಂಗಳು ತಮ್ಮನ ಮದುವೆ, ಈಗಲೇ ನಿದ್ದೆ ಹೋಗಿದೆ. ನಿಮ್ಮ ಅನುಭವ ಹೇಳಿ.

ಟೀಚರ್, ಸೇಡಂ: ನನಗೆ ಶಾಲೆಯ ಗಂಟೆ ಹೊಡೆದರೇ ಎದೆ ಡವಡವ ಅನ್ನುತ್ತಿತ್ತು. ಔಷಧಿ ಅಂಗಡಿಯವರು ಡಾಕ್ಟರ ಚೀಟಿ ಕೇಳದೆ ನೋವಿನ ಗುಳಿಗೆ ಕೊಡುತ್ತಿದ್ದರು, ಮೊದಲು ನೋಡಿದ ಡಾಕ್ಟರೂ ಬೇಡ ಅನ್ನಲಿಲ್ಲ. ಸಾದಾ ಗುಳಿಗೆ ತಿಂಗಳಿಗೆ 15 ದಿನ, ಟ್ರಿಪ್ಟಾನ್ (ಮೈಗ್ರೇನ್ ಬಂದಾಗ ನುಂಗುವ ಗುಳಿಗೆ) ಆದರೆ 10 ದಿನ, ಹೀಗೇ ಮೂರು ತಿಂಗಳು ದಾಟಿದರೆ ಗುಳಿಗೆಯಿಂದಲೇ ತಲೆನೋವು ಶುರುವಾಗಬಹುದು. ಇದು ನನಗೆ ತಿಳಿದದ್ದು ಸೊಲ್ಲಾಪುರದ ಡಾಕ್ಟರಿಂದ. ಗುಳಿಗೆ ಬಿಡಿಸಿದಾಗ ಮೊದಲ ವಾರಗಳು ನರಕ. ವಾಂತಿ, ಅಳು. ಕಿಟಕಿಗೆ ಕೌದಿ ಕಟ್ಟಿ ಮಲಗಿದ್ದೆ. ಪಗಾರವಿಲ್ಲದ ರಜೆ. ಎಂಆರ್‌ಐಗೆ 7,500, ಕಾರಿಗೆ 4,500, ಡಾಕ್ಟರ್ ಫೀ 800, ರಕ್ತ ಪರೀಕ್ಷೆಗೆ 2,200. ಎಂಆರ್‌ಐಯಲ್ಲಿ ಏನೂ ಇರಲಿಲ್ಲ, ಮೈಗ್ರೇನ್ ಅದರಲ್ಲಿ ಕಾಣುವುದೂ ಇಲ್ಲ. ಆದರೆ ಮನೆಯವರು "ಏನೂ ಇಲ್ಲವಲ್ಲ, ಸುಮ್ನೆ ಇಷ್ಟು ಖರ್ಚು" ಅಂದರು. ಆ ಮಾತು ಇನ್ನೂ ಚುಚ್ಚುತ್ತದೆ. ಮೈಗ್ರೇನ್ ತಡೆಯಲು ರಾತ್ರಿ ಅಮಿಟ್ರಿಪ್ಟಿಲಿನ್ ಗುಳಿಗೆ 10 ಮಿಲಿಗ್ರಾಂ ಕೊಟ್ಟರು. ಬಾಯಿ ಒಣಗಿತು, ತೂಕ ಏರಿ ಬ್ಲೌಸ್‌ಗಳನ್ನೆಲ್ಲ ಬಿಚ್ಚಿ ಹೊಲಿಸಬೇಕಾಯಿತು. ಆದರೆ ನಿದ್ದೆ ಬಂತು. ನಿದ್ದೆ ಬಂದ ಮೇಲೆ ಭಯ ಇಳಿಯಿತು.

ವ್ಯಾಪಾರಿ, ಬೀದರ್: ನೋವು ಇಳಿಯದೆ ಚಿಂತೆ ಇಳಿಯಲ್ಲ. ಹೈದರಾಬಾದಿನಲ್ಲಿ ಮೈಗ್ರೇನ್ ತಡೆಯುವ ಬೊಟಾಕ್ಸ್ ಇಂಜೆಕ್ಷನ್ ಹಾಕಿಸಿಕೊಂಡೆ. ಹಣೆ, ಕಣತಲೆ, ಹಿಂದಲೆ, ಕತ್ತು, ಹೆಗಲು ಸೇರಿ 31 ಕಡೆ ಚುಚ್ಚುತ್ತಾರೆ. ಒಟ್ಟು 155 ಯೂನಿಟ್, 12 ವಾರಕ್ಕೊಮ್ಮೆ. ಒಂದು ಸಲಕ್ಕೆ 48,000. ರಾತ್ರಿ ಅಡ್ಮಿಟ್ ಆಗಿಲ್ಲ ಅಂತ ಇನ್ಶೂರೆನ್ಸಿನವರು ಒಂದು ರೂಪಾಯಿ ಕೊಡಲಿಲ್ಲ. ಆ ವರ್ಷದ ತೊಗರಿ ದುಡ್ಡೆಲ್ಲ ಅದಕ್ಕೇ ಹೋಯಿತು. ಮೊದಲ ಸಲ ರೆಪ್ಪೆ ಜೋತುಬಿತ್ತು, ಗಿರಾಕಿಗಳೆಲ್ಲ ಲಕ್ವಾ ಹೊಡೆಯಿತೇ ಅಂತ ಕೇಳಿದರು. ಎರಡನೆಯ ಸಲ ಹಾಕಿಸಿದ ಮೇಲೆ ಫಲ ಸಿಕ್ಕಿತು. ಇವತ್ತು ದಿನಪೂರ್ತಿ ಅಂಗಡಿಯಲ್ಲಿ ಕೂರುತ್ತೇನೆ. ಧ್ಯಾನ, ಕೌನ್ಸೆಲಿಂಗ್ ಎಲ್ಲ ಟೈಮ್ ವೇಸ್ಟ್.

ಗೃಹಿಣಿ, ಯಾದಗಿರಿ: 48,000 ಇಲ್ಲದವರು ಏನು ಮಾಡಬೇಕು ಸ್ವಾಮಿ? ನನಗೆ ಅಸ್ತಮಾ ಇದೆ, ಮೈಗ್ರೇನ್ ತಡೆಯುವ ಪ್ರೊಪ್ರಾನೊಲಾಲ್ ಗುಳಿಗೆ ಕೊಡುವ ಹಾಗಿಲ್ಲ. ಅದರ ಬದಲು ಫ್ಲುನಾರಿಜಿನ್ ಕೊಟ್ಟರು, ಮನಸ್ಸು ಪೂರ್ತಿ ಕುಸಿಯಿತು. ಕೆಲವರಿಗೆ ಆ ಗುಳಿಗೆಯಿಂದ ಹಾಗಾಗುತ್ತದೆ ಅಂತ ಯಾರೂ ಮೊದಲು ಹೇಳಲಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದೆ. ಪುಕ್ಕಟೆ, ಕನ್ನಡದಲ್ಲೇ ಮಾತಾಡಿದರು. ಆಮೇಲೆ ಸರ್ಕಾರಿ ದವಾಖಾನೆಯ ಕೌನ್ಸೆಲರ್ ಕಲಿಸಿದ್ದು ಇದು: ಪಾದದಿಂದ ಹಣೆಯವರೆಗೆ ಒಂದೊಂದೇ ಭಾಗ ಬಿಗಿ ಹಿಡಿದು ಸಡಿಲ ಬಿಡುವುದು. ನೋವಿಲ್ಲದ ದಿನಗಳಲ್ಲೇ ರೂಢಿ ಮಾಡಬೇಕು. ಅತ್ತೆ ನನ್ನನ್ನು ಹುಚ್ಚಿ ಅಂದರು, ಆದರೂ ಹೋಗುವುದನ್ನು ಬಿಡಲಿಲ್ಲ. ನೋವು ಇನ್ನೂ ಬರುತ್ತದೆ, ಆದರೆ ಬರುವ ಮೊದಲೇ ಹೆದರಿ ಸಾಯುವುದು ನಿಂತಿದೆ.

ವ್ಯಾಪಾರಿ, ಬೀದರ್: ನಾನು ಯಾರನ್ನೂ ಹುಚ್ಚರು ಅನ್ನಲಿಲ್ಲ.

ಗೃಹಿಣಿ, ಯಾದಗಿರಿ: ಟೈಮ್ ವೇಸ್ಟ್ ಅಂದಿರಲ್ಲ, ನಮ್ಮ ಮನೆಯಲ್ಲೂ ಇದೇ ಮಾತು. ಇಂಥ ಮಾತು ಕೇಳಿಯೇ ಹೆಣ್ಣುಮಕ್ಕಳು ದವಾಖಾನೆಗೆ ಹೋಗಲು ಹಿಂದೇಟು ಹಾಕುತ್ತಾರೆ.

ಶಿಫ್ಟ್ ಕೆಲಸ, ಶಹಾಬಾದ್: ನನಗೆ ನೋವು ಹೊಡೆಯುವುದು ವಾರದ ರಜೆ ದಿನ. ಒತ್ತಡ ಇಳಿದ ಕೂಡಲೇ ಬರುವ ಜಾತಿ ಇದು, ಡಾಕ್ಟರೂ ಹಾಗೇ ಅಂದರು. ರಜೆಯಲ್ಲೂ ಅದೇ ಹೊತ್ತಿಗೆ ಏಳುತ್ತೇನೆ, ಊಟ ತಪ್ಪಿಸಲ್ಲ. ನಮ್ಮ ಮೇ ತಿಂಗಳ ಬಿಸಿಲು 42 ದಾಟುತ್ತದೆ, ಕರೆಂಟ್ ಹೋದರೆ ಕೂಲರೂ ಇಲ್ಲ. ಇನ್ವರ್ಟರ್‌ಗೆ 24,000 ಹಾಕಿದೆ. ಯಾವ ಗುಳಿಗೆಯಿಂದಲೂ ಅಷ್ಟು ನೆಮ್ಮದಿ ಸಿಕ್ಕಿಲ್ಲ. ಮದುವೆ ಮುಗಿದ ಮರುದಿನಕ್ಕೆ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡಿ.

ಔಷಧಿ ಅಂಗಡಿ, ಕಲಬುರಗಿ: ಎಲ್ಲರೂ ಸೊಲ್ಲಾಪುರ, ಹೈದರಾಬಾದ್ ಅಂತ ಯಾಕೆ ಓಡುತ್ತೀರಿ? ನರರೋಗದ ಡಾಕ್ಟರ್ ಇಲ್ಲೇ ಇದ್ದಾರೆ. ಮತ್ತೆ ಅಂಗಡಿಯವರ ಮೇಲೆ ತಪ್ಪು ಹೊರಿಸುತ್ತೀರಿ. ಚೀಟಿ ಕೇಳಿದರೆ ನಮ್ಮ ಮೇಲೇ ಕೂಗಾಡುತ್ತಾರೆ.

ಟೀಚರ್, ಸೇಡಂ: ಕೂಗಾಡಿದರೂ ಕೇಳಬೇಕು, ಅದು ನಿಮ್ಮ ಕೆಲಸ. ಇಲ್ಲಿನ ಡಾಕ್ಟರು ನನ್ನ ಮಾತು ಮುಗಿಯುವ ಮೊದಲೇ ಚೀಟಿ ಬರೆದರು. ಸೊಲ್ಲಾಪುರದಲ್ಲಿ, ತಿಂಗಳಿಗೆ ಎಷ್ಟು ಗುಳಿಗೆ ನುಂಗುತ್ತೀರಿ ಅಂತ ಮೊದಲು ಕೇಳಿದರು. ಅದಕ್ಕೇ ಓಡಿದ್ದು.